ನೈಟ್ರೇಟ್ ಬದಲು ನೈಟ್ರೈಟ್: ಬಿಲ್ಲಿಂಗ್ ಟೇಬಲ್ಲಿನಲ್ಲಿ ಕಲಿತ ಕೆಮಿಸ್ಟ್ರಿ

ಹೋದ ಸಂಚಿಕೆ ಚೀಟಿ ವ್ಯವಹಾರದ ಬಗ್ಗೆ ಇತ್ತು. ಅದಕ್ಕೆ ಬಂದ ಪ್ರಶ್ನೆಗಳನ್ನೆಲ್ಲ ಓದಿದ್ದೇನೆ, ಒಂದೊಂದಾಗಿ ಉತ್ತರ ಬರೆಯುತ್ತಿದ್ದೇನೆ. ಇವತ್ತು ಮಾತ್ರ ದುಡ್ಡಿನ ವಿಷಯ ಅಲ್ಲ, ಕೆಮಿಸ್ಟ್ರಿ. ಹೌದು, ಸರಿಯಾಗೇ ಕೇಳಿಸಿಕೊಂಡಿರಿ. ಬಿ.ಕಾಂ ಮಾಡಿದವಳು ಕೆಮಿಸ್ಟ್ರಿ ಪಾಠಕ್ಕೆ ಬಂದಳಲ್ಲ ಅಂತ ನಗಬೇಡಿ. ಪೂರ್ತಿ ಕೆಮಿಸ್ಟ್ರಿ ಅಲ್ಲ, ಹೆಸರುಗಳು ಮಾತ್ರ. ಸೋಡಿಯಂ ಕ್ಲೋರೈಡ್, ಕಾರ್ಬನ್ ಡೈಆಕ್ಸೈಡ್ ಅಂತೆಲ್ಲ ಇರುತ್ತವಲ್ಲ, ಆ ಹೆಸರುಗಳನ್ನು ಯಾಕೆ ಹಾಗೆ ಇಡುತ್ತಾರೆ ಅನ್ನೋದು. ಇದನ್ನು ನಾನು ಕ್ಲಾಸಿನಲ್ಲಿ ಕಲಿಯಲಿಲ್ಲ. ಒಂದು ತಪ್ಪು ಮಾಡಿ ಕಲಿತೆ.

ಆಗ ನನಗೆ ಇಪ್ಪತ್ತೆರಡು. ಡಿಗ್ರಿ ಮುಗಿಸಿ ಪೀಣ್ಯದಲ್ಲಿ ಒಬ್ಬ ಕೆಮಿಕಲ್ ವ್ಯಾಪಾರಿಯ ಹತ್ತಿರ ಬಿಲ್ಲಿಂಗ್ ಕೆಲಸಕ್ಕೆ ಸೇರಿದ್ದೆ. ಐವತ್ತು ಕೆಜಿ ಮೂಟೆಯಲ್ಲಿ ಮಾಲು ಬರೋದು, ಅದನ್ನು ಒಡೆದು ಐದು ಕೆಜಿ, ಹತ್ತು ಕೆಜಿ ಚೀಲ ಮಾಡಿ ಮಾರೋದು. ನನ್ನ ಕೆಲಸ ಇನ್‌ವಾಯ್ಸ್ ಹೊಡೆಯೋದು, ಜಿಎಸ್‌ಟಿ ಹಾಕೋದು, ಚೀಲಕ್ಕೆ ಅಂಟಿಸುವ ಸ್ಟಿಕರ್ ಪ್ರಿಂಟ್ ತೆಗೆಯೋದು. ಸೈನ್ಸ್ ತಲೆಗೆ ಹತ್ತಲ್ಲ ಅಂತಲೇ ಕಾಮರ್ಸ್ ತಗೊಂಡವಳು ನಾನು. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಬಂದ ಮಾರ್ಕ್ಸ್ ಇಲ್ಲಿ ಹೇಳಲ್ಲ, ನಮ್ಮಪ್ಪ ಈ ಪಾಡ್‌ಕಾಸ್ಟ್ ಕೇಳ್ತಾರೆ. ಹಾಗಾಗಿ ಸ್ಟಾಕ್ ಪಟ್ಟಿಯಲ್ಲಿದ್ದ ಮುನ್ನೂರು ಚಿಲ್ಲರೆ ಹೆಸರುಗಳು ನನಗೆ ಬರೀ ಕೋಡ್ ಇದ್ದ ಹಾಗೆ. ಓದ್ತೀನಿ, ಟೈಪ್ ಮಾಡ್ತೀನಿ, ಅಷ್ಟೇ.

ಒಂದು ದಿನ ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಆರ್ಡರ್ ಬಂತು. ಕಾಲೇಜು ಲ್ಯಾಬುಗಳಿಗೆ ಸಾಮಾನು ಸಪ್ಲೈ ಮಾಡುವ ಪಾರ್ಟಿ. ನಮ್ಮ ಹತ್ತಿರ ಹತ್ತು ಕೆಜಿ ತಗೊಂಡು, ಅರ್ಧ ಕೆಜಿ ಬಾಟಲಿಗೆ ತುಂಬಿ ಕೊಡುವವರು. ಸೋಡಿಯಂ ನೈಟ್ರೇಟ್ ಬೇಕು ಅಂದರು. ನಾನು ಕಂಪ್ಯೂಟರಿನಲ್ಲಿ ‘ಸೋಡಿಯಂ ನೈ’ ತನಕ ಹೊಡೆದೆ, ಪಟ್ಟಿ ಇಳಿಯಿತು. ಒಂದರ ಕೆಳಗೆ ಒಂದು ಎರಡು ಹೆಸರು. ಕೈಗೆ ಸಿಕ್ಕಿದ್ದನ್ನು ಒತ್ತಿದೆ. ಸೋಡಿಯಂ ನೈಟ್ರೈಟ್. ಬಿಲ್ ಬಂತು, ಸ್ಲಿಪ್ ಗೋಡೌನಿಗೆ ಹೋಯಿತು, ನಾನು ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನೋಕೆ ಕೂತೆ.

ಗೋಡೌನ್ ನೋಡಿಕೊಳ್ಳುತ್ತಿದ್ದ ಒಬ್ಬ ಹಿರಿಯರಿದ್ದರು. ವಯಸ್ಸು ಅರವತ್ತರ ಹತ್ತಿರ, ಆದರೂ ಎಲ್ಲರೂ ಅಣ್ಣ ಅಂತಲೇ ಕರೆಯೋದು. ಓದಿದ್ದು ಏಳನೇ ಕ್ಲಾಸು. ಅವರು ಸ್ಲಿಪ್ ಹಿಡಿದುಕೊಂಡು ಮೇಲೆ ಬಂದರು.

“ಏನಮ್ಮಾ, ಈ ಪಾರ್ಟಿ ಯಾವತ್ತೂ ಏಟ್ ತಗೊಳ್ಳೋರು. ಇವತ್ತು ಐಟ್ ಅಂತ ಹಾಕಿದೀಯ. ಅವರೇ ಕೇಳಿದ್ರಾ?”

“ಎರಡೂ ಒಂದೇ ಅಲ್ವಾಣ್ಣ? ಸ್ಪೆಲ್ಲಿಂಗ್ ವ್ಯತ್ಯಾಸ ಅಷ್ಟೇ ಅಲ್ವಾ?”

ಅವರು ಬೈಯಲಿಲ್ಲ, ಅದೇ ನನಗೆ ಜಾಸ್ತಿ ನೋವಾಗಿದ್ದು. ಸುಮ್ಮನೆ ನನ್ನ ಟೇಬಲ್ಲಿನ ಫೋನ್ ಎತ್ತಿ ಪಾರ್ಟಿಗೆ ಕಾಲ್ ಮಾಡಿ ಕೇಳಿದರು, ಸ್ಲಿಪ್ ಹರಿದು ಬುಟ್ಟಿಗೆ ಹಾಕಿದರು. ಆಮೇಲೆ ಹೇಳಿದರು: “ಐಟ್ ಉಪ್ಪಿನ ಥರಾನೇ ಇರುತ್ತೆ ಕಣಮ್ಮ. ಯಾರಾದ್ರೂ ಉಪ್ಪು ಅನ್ಕೊಂಡು ತಿಂದ್ರೆ ತುಟಿ ನೀಲಿ ಆಗುತ್ತೆ. ಉಳಿಯೋದು ಕಷ್ಟ.”

ಎಲ್ಲಿಗೆ ಹೋಗ್ತಿತ್ತು ಅದು? ಕಾಲೇಜು ಮಕ್ಕಳ ಲ್ಯಾಬಿಗೆ. ಯಾವ ಸ್ಟಿಕರ್ ಇರ್ತಿತ್ತು ಅದರ ಮೇಲೆ? ಚೀಲದ ಮೇಲೆ ನಾನು ಪ್ರಿಂಟ್ ತೆಗೆದದ್ದೇನೋ ಸರಿ ಇರ್ತಿತ್ತು, ನೈಟ್ರೈಟ್ ಅಂತ. ಆದರೆ ಆ ಪಾರ್ಟಿ ತಾನು ಕೇಳಿದ್ದು ನೈಟ್ರೇಟ್ ಅಂದುಕೊಂಡು, ತನ್ನ ಹತ್ತಿರ ರೆಡಿ ಇದ್ದ ನೈಟ್ರೇಟ್ ಲೇಬಲ್ಲಿನ ಬಾಟಲಿಗೆ ತುಂಬಿದ್ದರೆ? ನನ್ನ ಥರದವರು ಇನ್ನೊಬ್ಬರು ಅಲ್ಲೂ ಇದ್ದಿದ್ದರೆ? ಆ ರಾತ್ರಿ ನಿದ್ದೆ ಬರಲಿಲ್ಲ. ನೈಟ್ರೇಟ್ ಪೂರ್ತಿ ಸಾಧು ಅಂತಲ್ಲ, ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದ ಮಾನದಂಡವೇ ಇದೆ. ಆದರೆ ನೈಟ್ರೈಟ್ ಕಥೆ ಬೇರೆ. ಸ್ವಲ್ಪ ಪ್ರಮಾಣದಲ್ಲೇ ನೇರವಾಗಿ ರಕ್ತಕ್ಕೆ ಕೈ ಹಾಕುತ್ತದೆ. ಹೇಗೆ ಅಂತ ಆಮೇಲೆ ಹೇಳ್ತೀನಿ, ಅದಕ್ಕೂ ಹೆಸರಿಗೂ ಸಂಬಂಧ ಇದೆ.

ಮಾರನೇ ದಿನದಿಂದ ಅಣ್ಣನ ಹತ್ತಿರ ಟ್ಯೂಷನ್ ಶುರು. ಸಂಜೆ ಐದೂವರೆಗೆ ಟೀ ಬರೋದು, ಟೀ ಮುಗಿಯುವ ತನಕ ಪಾಠ. ಅವರ ಮೊದಲ ಮಾತು: “ಹೆಸರಿನ ತಲೆ ನೋಡಿ ಮೋಸ ಹೋಗಬೇಡ, ಬಾಲ ನೋಡು.” ಬಾಲ ‘ಐಡ್’ ಅಂತಿದ್ದರೆ ಸಾಮಾನ್ಯವಾಗಿ ಆ ಭಾಗದಲ್ಲಿ ಒಂದೇ ಧಾತು: ಕ್ಲೋರೈಡ್, ಸಲ್ಫೈಡ್, ಆಕ್ಸೈಡ್. ‘ಏಟ್’ ಅಥವಾ ‘ಐಟ್’ ಅಂತಿದ್ದರೆ ಜೊತೆಗೆ ಆಕ್ಸಿಜನ್ ಸೇರಿಕೊಂಡಿದೆ. ಏಟ್‌ನಲ್ಲಿ ಜಾಸ್ತಿ, ಐಟ್‌ನಲ್ಲಿ ಕಡಿಮೆ. “ಏಟು ಬಿದ್ದರೆ ಜಾಸ್ತಿ, ನೆನಪಿಟ್ಕೋ” ಅಂತ ನಕ್ಕರು. ಇವತ್ತಿಗೂ ನನಗೆ ಇದೇ ಸೂತ್ರ. ನೈಟ್ರೇಟ್‌ನಲ್ಲಿ ಒಂದು ನೈಟ್ರೋಜನ್ನಿಗೆ ಮೂರು ಆಕ್ಸಿಜನ್, ನೈಟ್ರೈಟ್‌ನಲ್ಲಿ ಎರಡು. ಕನ್ನಡದಲ್ಲಿ ಬರೆದರೆ ‘ರೇ’ ಮತ್ತು ‘ರೈ’, ಏತ್ವಕ್ಕೂ ಐತ್ವಕ್ಕೂ ಇರುವಷ್ಟೇ ಅಂತರ.

ಅಣ್ಣನಿಗೆ ಬಾಲ ಗೊತ್ತಿತ್ತು, ಯಾಕೆ ಅಂತ ಗೊತ್ತಿರಲಿಲ್ಲ. ಯಾಕೆ ಅನ್ನೋದನ್ನು ನಾನು ಒಂಬತ್ತು, ಹತ್ತನೇ ಕ್ಲಾಸಿನ ಪುಸ್ತಕ ಮತ್ತೆ ತಂದು ಓದಿದೆ. ಮತ್ತು ನನ್ನ ಆಶ್ಚರ್ಯಕ್ಕೆ, ಅದರಲ್ಲಿದ್ದದ್ದು ಪೂರ್ತಿ ಅಕೌಂಟೆನ್ಸಿ!

ನೋಡಿ, ಸಂಯುಕ್ತಗಳಲ್ಲಿ ಮುಖ್ಯವಾಗಿ ಎರಡು ಥರ. ಒಂದು ಅಯಾನಿಕ. ಲೋಹ ಒಂದು ಕಡೆ, ಅಲೋಹ ಇನ್ನೊಂದು ಕಡೆ. ಇಲ್ಲಿ ಕೊಡು-ಕೊಳ್ಳುವ ವ್ಯವಹಾರ. ಸೋಡಿಯಂ ಒಂದು ಎಲೆಕ್ಟ್ರಾನ್ ಕೊಡುತ್ತದೆ, ಕ್ಲೋರಿನ್ ಒಂದು ತಗೊಳ್ಳುತ್ತದೆ. ಡೆಬಿಟ್ ಒಂದು, ಕ್ರೆಡಿಟ್ ಒಂದು, ಟ್ಯಾಲಿ. ಸೋಡಿಯಂ ಕ್ಲೋರೈಡ್, ಅಂದ್ರೆ ಅಡುಗೆ ಉಪ್ಪು. ಕ್ಯಾಲ್ಸಿಯಂ ಎರಡು ಕೊಡುವ ಆಸಾಮಿ, ಕ್ಲೋರಿನ್ ತಗೊಳ್ಳೋದು ಒಂದೊಂದೇ. ಹಾಗಾದರೆ ಒಂದು ಕ್ಯಾಲ್ಸಿಯಂಗೆ ಎರಡು ಕ್ಲೋರಿನ್ ಬೇಕೇ ಬೇಕು. ಆದರೆ ಹೆಸರು ಕ್ಯಾಲ್ಸಿಯಂ ಡೈಕ್ಲೋರೈಡ್ ಅಲ್ಲ, ಬರೀ ಕ್ಯಾಲ್ಸಿಯಂ ಕ್ಲೋರೈಡ್. ಯಾಕೆ? ಎರಡು ಅಂತ ಹೇಳೋ ಅಗತ್ಯವೇ ಇಲ್ಲ. ಲೆಕ್ಕ ಟ್ಯಾಲಿ ಆಗಬೇಕಾದರೆ ಎರಡೇ ಇರಬೇಕು. ಎಷ್ಟು ಅನ್ನೋದನ್ನು ಖಾತೆಯೇ ಹೇಳುತ್ತದೆ. ಅಲ್ಯೂಮಿನಿಯಂ ಮೂರು ಕೊಡುತ್ತೆ, ಆಕ್ಸಿಜನ್ ಎರಡು ತಗೊಳ್ಳುತ್ತೆ. ಎರಡು ಅಲ್ಯೂಮಿನಿಯಂ, ಮೂರು ಆಕ್ಸಿಜನ್, ಆ ಕಡೆ ಆರು ಈ ಕಡೆ ಆರು. ಹೆಸರು ಬರೀ ಅಲ್ಯೂಮಿನಿಯಂ ಆಕ್ಸೈಡ್. ಸ್ಕೂಲಿನಲ್ಲಿ ನನಗೆ ಇದನ್ನು ಕ್ರಾಸ್ ಮಾಡಿ ಬರೆಯೋದು ಅಂತ ಹೇಳಿಕೊಟ್ಟಿದ್ದರು, ಯಾವುದನ್ನು ಯಾಕೆ ಕ್ರಾಸ್ ಮಾಡ್ತಿದ್ದೀವಿ ಅಂತ ಒಂದು ದಿನವೂ ಅರ್ಥವಾಗಿರಲಿಲ್ಲ. ಟ್ರಯಲ್ ಬ್ಯಾಲೆನ್ಸ್ ಅಂದಿದ್ದರೆ ಬಹುಶಃ ಆಗ್ತಿತ್ತು.

ತಲೆನೋವು ಶುರುವಾಗೋದು ಎರಡು ರೇಟಿನಲ್ಲಿ ವ್ಯವಹಾರ ಮಾಡುವ ಲೋಹಗಳಿಂದ. ಕಬ್ಬಿಣ ಒಮ್ಮೆ ಎರಡು ಎಲೆಕ್ಟ್ರಾನ್ ಕೊಡುತ್ತೆ, ಒಮ್ಮೆ ಮೂರು. ತಾಮ್ರ ಒಂದು ಅಥವಾ ಎರಡು. ಈಗ ‘ಕಬ್ಬಿಣದ ಕ್ಲೋರೈಡ್’ ಅಂದರೆ ಯಾವುದು ಅಂತ ಗೊತ್ತಾಗಲ್ಲ. ಅದಕ್ಕೆ ಲೋಹದ ಪಕ್ಕದಲ್ಲೇ ಬ್ರಾಕೆಟ್ ಹಾಕಿ ರೋಮನ್ ಅಂಕಿ ಬರೀತಾರೆ. ರೋಮನ್ ಮೂರು ಅಂದರೆ ಮೂರು ಕಬ್ಬಿಣ ಅಲ್ಲ ಮತ್ತೆ, ಈ ತಪ್ಪು ನಾನೂ ಮಾಡಿದ್ದೆ. ಪ್ರತಿ ಕಬ್ಬಿಣದ ಮೇಲೆ ಮೂರು ಚಾರ್ಜ್ ಅಂತ ಅರ್ಥ. ಹಳೇ ಪದ್ಧತಿಯಲ್ಲಿ ಕಡಿಮೆ ರೇಟಿನದಕ್ಕೆ ಫೆರಸ್, ಜಾಸ್ತಿಯದಕ್ಕೆ ಫೆರಿಕ್. ಔಷಧಿ ಅಂಗಡಿಯಲ್ಲಿ ಈಗಲೂ ಹಳೇದೇ ನಡೆಯೋದು. ನಮ್ಮಮ್ಮನಿಗೆ ರಕ್ತ ಕಡಿಮೆ ಇದೆ ಅಂತ ಪ್ರೈಮರಿ ಹೆಲ್ತ್ ಸೆಂಟರಿನಲ್ಲಿ ಕೊಟ್ಟ ಮಾತ್ರೆಯ ಪಟ್ಟಿಯಲ್ಲಿ ‘ಫೆರಸ್ ಸಲ್ಫೇಟ್’ ಅಂತಿತ್ತು. ಫೆರಸ್ ರೂಪದ ಕಬ್ಬಿಣವನ್ನು ನಮ್ಮ ಕರುಳು ಸುಲಭವಾಗಿ ಹೀರಿಕೊಳ್ಳುತ್ತೆ, ಫೆರಿಕ್ ರೂಪದ್ದನ್ನು ಅಷ್ಟಾಗಿ ಇಲ್ಲ. ಇನ್ನೊಂದು ಮಜಾ ಏನು ಗೊತ್ತಾ, ಇದೇ ಫೆರಸ್ ಸಲ್ಫೇಟನ್ನು ನಮ್ಮ ಕಡೆ ಗ್ರಂದಿಗೆ ಅಂಗಡಿಯಲ್ಲಿ ಅನ್ನಭೇದಿ ಅಂತ ಮಾರ್ತಿದ್ದರು. ಅಮ್ಮನಿಗೆ ಹೇಳಿದೆ. “ಅಯ್ಯೋ, ಅದನ್ನಾ ನಾನು ನುಂಗ್ತಿರೋದು!” ಅಂದರು. ಮಾತ್ರೆ ನಿಲ್ಲಿಸಿಬಿಡ್ತಾರೇನೋ ಅಂತ ಭಯವಾಗಿ, ಮಾತ್ರೆಯಲ್ಲಿರೋದು ಶುದ್ಧ ಮಾಡಿ ಅಳತೆ ನೋಡಿ ಹಾಕಿದ್ದು ಅಂತ ಒಂದು ವಾರ ಸಮಜಾಯಿಷಿ ಕೊಡಬೇಕಾಯಿತು.

ಈಗ ನೈಟ್ರೈಟ್ ವಿಷಯಕ್ಕೆ ಬರ್ತೀನಿ. ನಮ್ಮ ರಕ್ತದ ಹಿಮೋಗ್ಲೋಬಿನ್ ಒಳಗಿರುವ ಕಬ್ಬಿಣ ಎರಡರ ರೇಟಿನದು, ಫೆರಸ್. ಹಾಗಿದ್ದರೆ ಮಾತ್ರ ಅದು ಆಕ್ಸಿಜನ್ ಹೊರುತ್ತೆ. ನೈಟ್ರೈಟ್ ಹೋಗಿ ಅದನ್ನು ಮೂರರದ್ದಾಗಿ ಮಾಡಿಬಿಡುತ್ತದೆ, ಫೆರಿಕ್. ಆಗ ರಕ್ತ ಇದ್ದೂ ಇಲ್ಲದ ಹಾಗೆ. ಶ್ವಾಸಕೋಶಕ್ಕೆ ಗಾಳಿ ಬರ್ತಿದೆ, ಹೊತ್ತುಕೊಂಡು ಹೋಗೋರಿಲ್ಲ. ಅಣ್ಣ ಹೇಳಿದ ನೀಲಿ ತುಟಿ ಇದೇ. ಆಸ್ಪತ್ರೆಯಲ್ಲಿ ಅದಕ್ಕೆ ಮೆಥಿಲೀನ್ ಬ್ಲೂ ಅನ್ನುವ ನೀಲಿ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟು ಮೂರನ್ನು ಮತ್ತೆ ಎರಡು ಮಾಡ್ತಾರೆ. ಬ್ರಾಕೆಟ್ಟಿನೊಳಗಿನ ಒಂದು ಅಂಕಿ! ಬ್ಯಾಲೆನ್ಸ್ ಶೀಟಿನಲ್ಲಿ ನಾವು ಒಂದು ರೂಪಾಯಿ ವ್ಯತ್ಯಾಸವನ್ನು ‘ರೌಂಡ್ ಆಫ್’ ಅಂತ ಹಾಕಿ ಮುಚ್ಚಿಬಿಡ್ತೀವಿ. ಇಲ್ಲಿ ಆಗಲ್ಲ.

ಪಾದರಸದ್ದು ಇನ್ನೂ ಕೆಟ್ಟ ಕಥೆ. ಪಾದರಸ ಮತ್ತು ಕ್ಲೋರಿನ್ ಸೇರಿದರೆ ಎರಡು ಥರದ ಉಪ್ಪು. ಒಂದರ ರೇಟಿನದು ಕ್ಯಾಲೊಮೆಲ್, ಎರಡರ ರೇಟಿನದು ಕರೋಸಿವ್ ಸಬ್ಲಿಮೇಟ್. ಎರಡನೆಯದು ಘೋರ ವಿಷ ಅಂತ ಹಿಂದಿನಿಂದಲೂ ಗೊತ್ತಿತ್ತು. ಮೊದಲನೆಯದು ನೀರಲ್ಲಿ ಕರಗಲ್ಲ, ಹಾಗಾಗಿ ಔಷಧಿ ಅಂದುಕೊಂಡಿದ್ದರು. ಇಂಗ್ಲೆಂಡಿನಲ್ಲಿ ಹಲ್ಲು ಬರುವ ಕೂಸುಗಳಿಗೆ ಕೊಡುವ ಪುಡಿಯಲ್ಲೂ ಅದಿತ್ತು. ಮಕ್ಕಳ ಕೈಕಾಲು ಗುಲಾಬಿ ಬಣ್ಣಕ್ಕೆ ತಿರುಗಿ ನರಳುವ ಕಾಯಿಲೆಗೂ ಇದಕ್ಕೂ ಸಂಬಂಧ ಇದೆ ಅಂತ ಗೊತ್ತಾಗಿ, 1950ರ ದಶಕದಲ್ಲಿ ಆ ಪುಡಿಗಳನ್ನು ವಾಪಸ್ ತೆಗೆದರು. ರೋಮನ್ ಅಂಕಿಯ ಪದ್ಧತಿಯನ್ನು 1919ರಲ್ಲಿ ಸೂಚಿಸಿದವನು ಆಲ್ಫ್ರೆಡ್ ಸ್ಟಾಕ್ ಅನ್ನುವ ಜರ್ಮನ್ ರಸಾಯನಶಾಸ್ತ್ರಜ್ಞ. ಲ್ಯಾಬಿನಲ್ಲಿ ವರ್ಷಗಟ್ಟಲೆ ಪಾದರಸದ ಉಪಕರಣಗಳ ಜೊತೆ ಕೆಲಸ ಮಾಡಿ, ಅದರ ಆವಿ ಕುಡಿದು, ತಲೆನೋವು, ಮರೆವು ಎಲ್ಲ ಅನುಭವಿಸಿದ. ಕಾರಣ ಪಾದರಸವೇ ಅಂತ ತಿಳಿದ ಮೇಲೆ 1926ರಲ್ಲಿ ಅದರ ಬಗ್ಗೆ ಬರೆದು ಉಳಿದವರನ್ನು ಎಚ್ಚರಿಸಿದ.

ಅಯಾನಿಕದಲ್ಲಿ ಇನ್ನೊಂದು ಗುಂಪಿದೆ, ಅದು ಅವಿಭಕ್ತ ಕುಟುಂಬ. ಸಲ್ಫೇಟ್, ಕಾರ್ಬೊನೇಟ್, ನೈಟ್ರೇಟ್, ಅಮೋನಿಯಂ. ಒಳಗೆ ನಾಲ್ಕೈದು ಜನ ಇದ್ದರೂ ರೇಷನ್ ಕಾರ್ಡ್ ಒಂದೇ, ಸಾಲ-ಸೋಲ ಎಲ್ಲ ಮನೆಯ ಹೆಸರಲ್ಲೇ. ಇವುಗಳ ಹೆಸರು ಬಾಯಿಪಾಠ ಮಾಡದೆ ಬೇರೆ ದಾರಿ ಇಲ್ಲ, ನಾನು ಹುಡುಕಿ ನೋಡಿದ್ದೀನಿ. ಯಾಕಂದ್ರೆ ಏಟ್ ಅಂದರೆ ಆಕ್ಸಿಜನ್ ಇಷ್ಟೇ ಅಂತ ಕಟ್ಟುನಿಟ್ಟಿಲ್ಲ. ನೈಟ್ರೇಟ್‌ನಲ್ಲಿ ಮೂರು, ಸಲ್ಫೇಟ್‌ನಲ್ಲಿ ನಾಲ್ಕು. ತನ್ನ ಮನೆಯ ಐಟ್‌ಗಿಂತ ಜಾಸ್ತಿ ಅನ್ನೋದಷ್ಟೇ ಗ್ಯಾರಂಟಿ. ಕ್ಲೋರಿನ್ ಮನೆಯಲ್ಲಂತೂ ನಾಲ್ಕು ಜನ ಅಣ್ಣತಮ್ಮಂದಿರು: ಹೈಪೋಕ್ಲೋರೈಟ್ ಒಂದು ಆಕ್ಸಿಜನ್, ಕ್ಲೋರೈಟ್ ಎರಡು, ಕ್ಲೋರೇಟ್ ಮೂರು, ಪರ್ಕ್ಲೋರೇಟ್ ನಾಲ್ಕು. ಮೊದಲನೆಯವನು ನಿಮ್ಮ ಮನೆಯಲ್ಲೇ ಇದ್ದಾನೆ, ಬ್ಲೀಚ್ ಬಾಟಲಿಯಲ್ಲಿ, ಸೋಡಿಯಂ ಹೈಪೋಕ್ಲೋರೈಟ್ ಅಂತ. ಮೂರನೆಯವನು ಬೆಂಕಿಕಡ್ಡಿಯ ತಲೆಯಲ್ಲಿ. ಪಟಾಕಿಯಲ್ಲಿ ಕ್ಲೋರೇಟ್ ಜೊತೆ ಗಂಧಕ ಬೆರೆಸೋದು ನಮ್ಮ ದೇಶದಲ್ಲಿ ನಿಷೇಧ, ಒರಟಾಗಿ ಮುಟ್ಟಿದರೂ ಸಿಡಿಯುತ್ತೆ. ಮತ್ತೆ ಇದನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಹೇಳಿ: ಬಾತ್‌ರೂಮ್ ತೊಳೆಯುವಾಗ ಬ್ಲೀಚನ್ನೂ ಟಾಯ್ಲೆಟ್ ಆ್ಯಸಿಡ್ಡನ್ನೂ ಒಟ್ಟಿಗೆ ಸುರಿಯಬೇಡಿ. ಹೈಪೋಕ್ಲೋರೈಟ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಸೇರಿದರೆ ಹೊರಗೆ ಬರೋದು ಕ್ಲೋರಿನ್ ಗ್ಯಾಸ್. ಸಣ್ಣ ಕಿಟಕಿಯ ರೂಮಿನಲ್ಲಿ ಅದು ತಮಾಷೆ ಅಲ್ಲ.

ಬಾಲ ನೋಡು ಅನ್ನೋ ಅಣ್ಣನ ಮಾತಿಗೆ ನಾನು ಓದಿದ್ದರಲ್ಲೇ ಅತ್ಯಂತ ದೊಡ್ಡ ಉದಾಹರಣೆ ಬೇರಿಯಂ. ಹೊಟ್ಟೆ, ಕರುಳಿನ ಎಕ್ಸ್‌ರೇ ತೆಗೆಯುವ ಮುಂಚೆ ಬಿಳಿ ಗಂಜಿಯಂಥದ್ದು ಕುಡಿಸ್ತಾರಲ್ಲ, ಅದು ಬೇರಿಯಂ ಸಲ್ಫೇಟ್. ಬೇರಿಯಂ ವಿಷವೇ. ಆದರೆ ಸಲ್ಫೇಟ್ ಆಗಿದ್ದಾಗ ನೀರಲ್ಲೂ ಕರಗಲ್ಲ, ಹೊಟ್ಟೆಯ ಆಮ್ಲದಲ್ಲೂ ಕರಗಲ್ಲ. ಹೋದ ಹಾಗೇ ಹೊರಗೆ ಬರುತ್ತೆ. ಬೇರಿಯಂ ಕಾರ್ಬೊನೇಟ್ ಹಾಗಲ್ಲ, ಹೊಟ್ಟೆಯ ಆಮ್ಲ ತಾಗಿದ ತಕ್ಷಣ ಕರಗುತ್ತೆ. ಅದನ್ನು ಇಲಿ ಪಾಷಾಣವಾಗಿ ಬಳಸ್ತಿದ್ದರು. 2003ರಲ್ಲಿ ಬ್ರೆಜಿಲ್ ದೇಶದಲ್ಲಿ ಎಕ್ಸ್‌ರೇಗೆ ಅಂತ ಕೊಟ್ಟ ಬೇರಿಯಂ ಸಲ್ಫೇಟ್‌ನಲ್ಲಿ ಕಾರ್ಬೊನೇಟ್ ಸೇರಿತ್ತು. ಕಾರ್ಬೊನೇಟಿನಿಂದಲೇ ಸಲ್ಫೇಟ್ ತಯಾರು ಮಾಡೋಕೆ ಹೋಗಿ, ಅದು ಪೂರ್ತಿ ಬದಲಾಗದೆ ಉಳಿದುಬಿಟ್ಟಿತ್ತು. ಸುಮ್ಮನೆ ಒಂದು ಪರೀಕ್ಷೆಗೆ ಅಂತ ಹೋದವರು, ದೊಡ್ಡ ಕಾಯಿಲೆ ಏನೂ ಇಲ್ಲದವರು ಸಹ, ಸತ್ತರು. ತಲೆ ಎರಡಕ್ಕೂ ಬೇರಿಯಂ, ಬಣ್ಣ ಎರಡೂ ಬಿಳಿ.

ಇನ್ನು ಎರಡನೇ ಥರ, ಸಹವೇಲೆನ್ಸಿ ಸಂಯುಕ್ತಗಳು. ಇಲ್ಲಿ ಅಲೋಹ, ಅಲೋಹ ಸೇರೋದು. ಕೊಡೋದೂ ಇಲ್ಲ, ತಗೊಳ್ಳೋದೂ ಇಲ್ಲ, ಇಬ್ಬರೂ ಹಾಕಿ ಹಂಚಿಕೊಳ್ಳೋದು. ಅಂದ್ರೆ ಪಾರ್ಟ್‌ನರ್‌ಶಿಪ್. ಪಾರ್ಟ್‌ನರ್‌ಶಿಪ್‌ನಲ್ಲಿ ಯಾರ ಪಾಲು ಎಷ್ಟು ಅಂತ ಡೀಡ್‌ನಲ್ಲಿ ಬರೆಯದಿದ್ದರೆ ಜಗಳ ಗ್ಯಾರಂಟಿ, ಅಲ್ವಾ? ಇಲ್ಲೂ ಅಷ್ಟೇ. ಅದೇ ಇಬ್ಬರು ಬೇರೆ ಬೇರೆ ಪ್ರಮಾಣದಲ್ಲಿ ಸೇರಬಹುದು, ತಾನಾಗೇ ಟ್ಯಾಲಿ ಆಗುವ ಲೆಕ್ಕ ಇಲ್ಲ. ಹಾಗಾಗಿ ಪಾಲನ್ನು ಹೆಸರಲ್ಲೇ ಬರೀತಾರೆ. ಮೋನೋ ಒಂದು, ಡೈ ಎರಡು, ಟ್ರೈ ಮೂರು, ಟೆಟ್ರಾ ನಾಲ್ಕು, ಪೆಂಟಾ ಐದು. ಮೊದಲ ಪಾಲುದಾರನಿಗೆ ಒಂದೇ ಇದ್ದರೆ ಮೋನೋ ಹೇಳಲ್ಲ, ಎರಡನೆಯವನಿಗೆ ಹೇಳ್ತಾರೆ. ಕಾರ್ಬನ್ ಡೈಆಕ್ಸೈಡ್, ಕಾರ್ಬನ್ ಮೋನಾಕ್ಸೈಡ್. ನೀರು, ಅಮೋನಿಯಾ ಇವೆಲ್ಲ ಹಳೇ ಹೆಸರಲ್ಲೇ ಉಳಿದುಕೊಂಡಿವೆ, ಅಜ್ಜಿಯ ಹೆಸರನ್ನು ಆಧಾರ್ ಕಾರ್ಡಿಗೋಸ್ಕರ ಯಾರೂ ಬದಲಾಯಿಸಲ್ಲವಲ್ಲ ಹಾಗೆ.

ಡೈ ಮತ್ತು ಮೋನೋ. ಡೈಆಕ್ಸೈಡ್ ನಾವು ಉಸಿರಲ್ಲಿ ಬಿಡ್ತೀವಿ, ಗೋಲಿ ಸೋಡಾದಲ್ಲಿ ಕುಡೀತೀವಿ. ಮೋನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಮತ್ತು ಹಿಮೋಗ್ಲೋಬಿನ್ನಿಗೆ ಆಕ್ಸಿಜನ್‌ಗಿಂತ ಇನ್ನೂರು ಪಟ್ಟಿಗೂ ಮೀರಿ ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಗಾಳಿ ಸರಿಯಾಗಿ ಆಡದ ಕಡೆ ಗ್ಯಾಸ್ ಉರಿದರೆ, ಇದ್ದಿಲು ಉರಿದರೆ ಇದು ಹುಟ್ಟುತ್ತೆ. ಬಾತ್‌ರೂಮಿನ ಒಳಗೇ ಗ್ಯಾಸ್ ಗೀಸರ್ ಹಾಕಿಸಿಕೊಂಡು ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ ಅನ್ನುವ ಸುದ್ದಿ ಬೆಂಗಳೂರಿನ ಪತ್ರಿಕೆಗಳಲ್ಲಿ ಆಗಾಗ ನೋಡ್ತೀವಲ್ಲ, ಆ ಗ್ಯಾಸ್ ಇದೇ. ಸುದ್ದಿಯಲ್ಲಿ ಕೆಲವೊಮ್ಮೆ ‘ಇಂಗಾಲದ ಡೈಆಕ್ಸೈಡ್’ ಅಂತ ಬರೆದಿರ್ತಾರೆ. ನನಗೆ ಮೈ ಉರಿಯುತ್ತೆ. ಪಿಜಿಯಲ್ಲಿ ನನ್ನ ಜೊತೆ ಇದ್ದ ಒಬ್ಬಳು ಅಂಥ ಗೀಸರ್ ಇದ್ದ ಮನೆ ನೋಡಿ ಬಂದು, “ಡೈಆಕ್ಸೈಡ್ ತಾನೆ, ನಾವೇ ಬಿಡೋದು, ಏನಾಗುತ್ತೆ” ಅಂದಿದ್ದಳು. ಮೋನೋ ಅಂತ ಗೊತ್ತಾದ ಮೇಲೆ ಓನರ್ ಹತ್ತಿರ ಜಗಳ ಆಡಿ ಗೀಸರ್ ತೆಗೆಸಿ ಹೊರಗೆ ಹಾಕಿಸಿದ ಮೇಲೇ ಅಡ್ವಾನ್ಸ್ ಕೊಟ್ಟಳು.

ಈ ನಿಯಮವನ್ನೆಲ್ಲ ಕಲಿತು ಜಂಬ ಬಂದ ಕಾಲ. ಊರಿಗೆ ಹೋದಾಗ ಅಪ್ಪನಿಗೆ ಹೇಳ್ತಾ ಇದ್ದೆ, ಅಯಾನಿಕ ಹೆಸರಿನಲ್ಲಿ ಡೈ, ಟ್ರೈ ಬರಲ್ಲ ಅಂತ. ನಮ್ಮದು ತಿಪಟೂರಿನ ಕಡೆ, ತೆಂಗಿನ ತೋಟ. ಅಪ್ಪ ಕೊಟ್ಟಿಗೆಯಲ್ಲಿದ್ದ ಗೊಬ್ಬರದ ಮೂಟೆ ತೋರಿಸಿ ಕೇಳಿದರು: “ಹಂಗಾದ್ರೆ ಡಿಎಪಿ ಅಂತ ಯಾಕಂತಾರೆ? ಡಿ ಅಂದ್ರೆ ಡೈ ಅಲ್ವಾ?” ನನ್ನ ಬಾಯಿ ಕಟ್ಟಿಹೋಯಿತು. ಡೈ ಅಮೋನಿಯಂ ಫಾಸ್ಫೇಟ್. ಅಮೋನಿಯಂ, ಫಾಸ್ಫೇಟ್, ಎರಡೂ ಅವಿಭಕ್ತ ಕುಟುಂಬದ ಅಯಾನಿಕ ಪಾರ್ಟಿಗಳೇ. ಮತ್ತೆ ಡೈ ಎಲ್ಲಿಂದ ಬಂತು?

ಎರಡು ದಿನ ಬೇಕಾಯಿತು ಉತ್ತರ ಹುಡುಕೋಕೆ. ಫಾಸ್ಫೇಟ್ ಮೂರರ ಲೆಕ್ಕದ್ದು, ಅಮೋನಿಯಂ ಒಂದರದ್ದು. ಪೂರ್ತಿ ಟ್ಯಾಲಿ ಆಗಬೇಕಾದರೆ ಮೂರು ಅಮೋನಿಯಂ ಬೇಕು. ಡಿಎಪಿಯಲ್ಲಿ ಎರಡೇ ಇರೋದು, ಮೂರನೇ ಜಾಗದಲ್ಲಿ ಒಂದು ಹೈಡ್ರೋಜನ್ ಕೂತಿದೆ. ಎರಡು ಜಾಗದಲ್ಲಿ ಹೈಡ್ರೋಜನ್ ಕೂತರೆ ಅದು ಮೋನೋ ಅಮೋನಿಯಂ ಫಾಸ್ಫೇಟ್, ಅದೂ ಗೊಬ್ಬರವೇ. ಸರಿಯಾಗಿ ಹೇಳಬೇಕಂದ್ರೆ ಡಿಎಪಿಯ ಹೆಸರು ಅಮೋನಿಯಂ ಹೈಡ್ರೋಜನ್ ಫಾಸ್ಫೇಟ್, ಅಲ್ಲಿ ಡೈ ಬೇಕಿಲ್ಲ. ಆದರೆ ವ್ಯಾಪಾರದವರಿಗೆ ಹೈಡ್ರೋಜನ್ ಲೆಕ್ಕ ಯಾಕೆ? ಅಮೋನಿಯಂ ಎಷ್ಟು ಅಂತಷ್ಟೇ ಬೇಕು, ಅದರಲ್ಲೇ ಸಾರಜನಕ ಇರೋದು. ಮೂಟೆ ಮೇಲಿನ 18-46-0ರಲ್ಲಿ ಹದಿನೆಂಟು ಅದೇ. ಅಪ್ಪನಿಗೆ ವಿವರಿಸಿದೆ. “ಸರಿ, ರೇಟ್ ಯಾಕೆ ಜಾಸ್ತಿ ಆಯ್ತು ಅದನ್ನ ಹೇಳು” ಅಂದರು.

ಇನ್ನೂ ಒಂದು ವಿನಾಯಿತಿ, ಅಡಿಕೆ ತೋಟದವರಿಗೆ ಗೊತ್ತಿರುವ ಮೈಲುತುತ್ತ. ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಬೋರ್ಡೋ ದ್ರಾವಣ ಮಾಡಿ ಹೊಡೀತಾರಲ್ಲ, ಅದು. ಪೂರ್ತಿ ಹೆಸರು ಕಾಪರ್ ಸಲ್ಫೇಟ್ ಪೆಂಟಾಹೈಡ್ರೇಟ್. ಆ ಪೆಂಟಾ ನೀರಿನ ಲೆಕ್ಕ, ಒಂದೊಂದು ಕಾಪರ್ ಸಲ್ಫೇಟ್ ಜೊತೆ ಐದೈದು ನೀರು ಹರಳಿನೊಳಗೆ ಕೂತಿರುತ್ತೆ. ಆ ನೀಲಿ ಬಣ್ಣ ಬರೋದೇ ನೀರಿನಿಂದ, ಕಾಯಿಸಿದರೆ ನೀರು ಹೋಗಿ ಬಿಳಿ ಪುಡಿ ಆಗುತ್ತೆ. ಲೆಕ್ಕ ಹಾಕಿದೆ, ಒಂದು ಕೆಜಿ ಮೈಲುತುತ್ತದಲ್ಲಿ ಹತ್ತಿರ ಹತ್ತಿರ 360 ಗ್ರಾಂ ನೀರು. ಬಿಲ್ಲಿಂಗ್ ಮಾಡುವವಳಿಗೆ ಇದು ಮುಖ್ಯ. ಬಿಳಿಯದನ್ನು ಕೇಳಿದ ಪಾರ್ಟಿಗೆ ನೀಲಿಯದನ್ನು ಅದೇ ರೇಟಿಗೆ ಕಳಿಸಿದರೆ ನೀರು ಮಾರಿದ ಹಾಗೆ.

ಇಷ್ಟೆಲ್ಲ ನಿಯಮ ಮಾಡಿದವರು ಯಾರು ಅಂತ ನೋಡಿದಾಗ ನನಗೆ ನಿಜವಾಗಲೂ ಖುಷಿಯಾಯಿತು. ಅದಕ್ಕೂ ಮುಂಚೆ ಯುರೋಪಿನಲ್ಲೂ ನಮ್ಮ ಗ್ರಂದಿಗೆ ಅಂಗಡಿಯ ಕಥೆಯೇ, ಆಂಟಿಮನಿ ಬೆಣ್ಣೆ, ಸೀಸದ ಸಕ್ಕರೆ ಅಂತೆಲ್ಲ ಹೆಸರು. ಸೀಸದ ಸಕ್ಕರೆ ನಿಜವಾಗಿ ಸಿಹಿಯಾಗಿರುತ್ತೆ, ಮತ್ತು ವಿಷ. ಇದನ್ನೆಲ್ಲ ಸರಿ ಮಾಡಬೇಕು ಅಂತ 1782ರಲ್ಲಿ ಮೊದಲು ಬರೆದವನು ಗಿಟನ್ ಡಿ ಮೊರ್ವೊ, ಫ್ರಾನ್ಸಿನ ಡಿಜಾನ್ ಊರಿನ ವಕೀಲ. ಆಮೇಲೆ ಅವನ ಜೊತೆ ಲಾವೋಸಿಯೆ, ಬರ್ತೊಲೆ, ಫುರ್‌ಕ್ರುವಾ ಸೇರಿ 1787ರಲ್ಲಿ ಹೊಸ ಹೆಸರಿನ ಪದ್ಧತಿಯ ಪುಸ್ತಕವನ್ನೇ ತಂದರು. ಲಾವೋಸಿಯೆ ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ರಾಜನ ಪರವಾಗಿ ತೆರಿಗೆ ವಸೂಲಿ ಮಾಡುವ ಕಂಪನಿಯಲ್ಲಿ ಪಾಲುದಾರಿಕೆ. ವಕೀಲ ಒಬ್ಬ, ಟ್ಯಾಕ್ಸ್‌ನವನು ಒಬ್ಬ. ಅಂದ್ರೆ ನಮ್ಮ ಕಾಮರ್ಸ್ ಬಳಗವೇ! ಪಾಪ, ಕ್ರಾಂತಿಯ ಕಾಲದಲ್ಲಿ ಆ ತೆರಿಗೆ ಕೆಲಸಕ್ಕೇ ಲಾವೋಸಿಯೆಯ ತಲೆ ಹೋಯಿತು, 1794ರ ಮೇ 8ರಂದು.

ಅವನ ಒಂದು ತಪ್ಪು ನಮ್ಮ ಕನ್ನಡ ಪಠ್ಯಪುಸ್ತಕದಲ್ಲಿ ಇವತ್ತಿಗೂ ಬದುಕಿದೆ. ಎಲ್ಲ ಆಮ್ಲಗಳಿಗೂ ಆಕ್ಸಿಜನ್ನೇ ಕಾರಣ ಅಂತ ಅವನು ನಂಬಿದ್ದ. ಹಾಗಾಗಿ ಗ್ರೀಕ್ ಪದಗಳಿಂದ, ಆಮ್ಲ ಹುಟ್ಟಿಸುವುದು ಅನ್ನುವ ಅರ್ಥ ಬರುವ ಹಾಗೆ ಆಕ್ಸಿಜನ್ ಅಂತ ಕರೆದ. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ನೇ ಇಲ್ಲ ಅಂತ ಆಮೇಲೆ ಗೊತ್ತಾಯಿತು, ಹೆಸರು ಮಾತ್ರ ಉಳಿಯಿತು. ನಾವು ಅದನ್ನೇ ಅರ್ಥಸಮೇತ ಕನ್ನಡಕ್ಕೆ ತಂದೆವು, ಆಮ್ಲಜನಕ. ಕನ್ನಡ ಮೀಡಿಯಂನಲ್ಲಿ ಓದಿದ ನನ್ನಂಥವರಿಗೆ ಆಮ್ಲಜನಕ, ಜಲಜನಕ ಅನ್ನುವ ಪದಗಳ ಮೇಲೆ ಪ್ರೀತಿ ಇದೆ, ಅದಕ್ಕೇ ಬೈಯೋಕೆ ಮನಸ್ಸು ಬರಲ್ಲ.

ಆದರೆ ಮನೆಮಾತಿನ ಹೆಸರುಗಳಿಂದ ಆಗುವ ಅಪಾಯದ ಬಗ್ಗೆ ಸುಮ್ಮನಿರೋಕೆ ಆಗಲ್ಲ. ಸೋಡಾ ಅಂತೀವಿ. ಅಡುಗೆ ಸೋಡಾ ಸೋಡಿಯಂ ಬೈಕಾರ್ಬೊನೇಟ್, ಇಡ್ಲಿಗೆ ಹಾಕೋದು. ವಾಷಿಂಗ್ ಸೋಡಾ ಸೋಡಿಯಂ ಕಾರ್ಬೊನೇಟ್, ಬಟ್ಟೆಗೆ. ಕಾಸ್ಟಿಕ್ ಸೋಡಾ ಸೋಡಿಯಂ ಹೈಡ್ರಾಕ್ಸೈಡ್, ಚರ್ಮ ಸುಡುತ್ತೆ, ಮಗು ಬಾಯಿಗೆ ಹಾಕಿಕೊಂಡರೆ ಗಂಟಲು ಹೋಯಿತು. ಮೂರಕ್ಕೂ ಸೋಡಾ ಅಂತಲೇ ಹೆಸರು, ಮೂರೂ ಬಿಳಿ, ಕೆಲವು ಮನೆಯಲ್ಲಿ ಮೂರೂ ಹಳೇ ಹಾರ್ಲಿಕ್ಸ್ ಬಾಟಲಿಯಲ್ಲೇ ಇರುತ್ತೆ. ಒಂದು ಸ್ಕೆಚ್ ಪೆನ್ ತಗೊಂಡು ಇವತ್ತೇ ಬಾಟಲಿ ಮೇಲೆ ಬರೆದುಬಿಡಿ, ಬಾಲದ ಸಮೇತ.

ನಾನು ಆ ಕೆಲಸ ಬಿಡುವ ಹೊತ್ತಿಗೆ ನೈಟ್ರೇಟ್ ಮತ್ತು ನೈಟ್ರೈಟ್ ಕೋಡ್‌ಗಳನ್ನು ಬೇರೆ ಮಾಡಿಸಿದ್ದೆ, ಒಂದರ ಕೆಳಗೆ ಒಂದು ಬರದ ಹಾಗೆ. ನೈಟ್ರೈಟ್ ಸ್ಟಿಕರ್ ಹಳದಿ ಕಾಗದದಲ್ಲಿ. ಅಣ್ಣ ಈಗ ಊರಲ್ಲಿದ್ದಾರೆ, ಮಗನ ಮನೆ. ಹೋದ ತಿಂಗಳು ಈ ಸಂಚಿಕೆ ಮಾಡ್ತೀನಿ ಅಂತ ಫೋನ್ ಮಾಡಿದ್ದೆ. ಎಲ್ಲ ಕೇಳಿ, ಒಂದು ಪ್ರಶ್ನೆ ಕೊಟ್ಟರು ನನಗೆ: “ಅಯೋಡಿನ್ ಉಪ್ಪು ಅಂತಾರಲ್ಲ, ಅದರಲ್ಲಿ ಹಾಕಿರೋದು ಐಡಾ, ಏಟಾ?”

ಅಡುಗೆಮನೆಗೆ ಹೋಗಿ ಪ್ಯಾಕೆಟ್ ಹಿಂದೆ ನೋಡಿದೆ. ಪೊಟ್ಯಾಶಿಯಂ ಅಯೋಡೇಟ್. ಏಟ್. ಅಯೋಡೈಡ್ ಹಾಕಿದರೆ ನಮ್ಮ ಬಿಸಿಲಿಗೆ, ತೇವಕ್ಕೆ ನಿಧಾನವಾಗಿ ಅಯೋಡಿನ್ ಹಾರಿಹೋಗುತ್ತೆ, ಅಯೋಡೇಟ್ ತಡೆದುಕೊಳ್ಳುತ್ತೆ. ಅಣ್ಣನಿಗೆ ಹೇಳಿದೆ. “ನನಗೆ ಗೊತ್ತಿತ್ತು, ನೀನು ನೋಡ್ತೀಯಾ ಇಲ್ವಾ ಅಂತ ಕೇಳಿದೆ” ಅಂದರು.

ಮುಂದಿನ ವಾರ ಇನ್ಶೂರೆನ್ಸ್ ಕ್ಲೇಮ್ ರಿಜೆಕ್ಟ್ ಆದಾಗ ಏನು ಮಾಡಬೇಕು ಅನ್ನೋದು. ಅಲ್ಲಿ ತನಕ ನಿಮ್ಮ ಮನೆಯ ಪ್ಯಾಕೆಟ್‌ಗಳ ಹಿಂದೆ ಏನು ಬರೆದಿದೆ ಅಂತ ನನಗೆ ಕಳಿಸಿ.